ಇದ್ದಿಲಿನಲ್ಲಿ ಮೊದಲೇ ಕೂತವರು

ನನ್ನನ್ನು ಗೊಂದಲಕ್ಕೆ ಬೀಳಿಸಲು ದೊಡ್ಡ ಸಂಗತಿಗಳೇನೂ ಬೇಕಿಲ್ಲ. ಹೋಟೆಲಿನಲ್ಲಿ "ಏನ್ ಕೊಡ್ಲಿ ಸಾರ್?" ಎಂದರೂ ಬೆವರುತ್ತೇನೆ. ಇಂಥವನು ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು ಸುಮ್ಮನಿರದೆ ಪಿಎಚ್‌.ಡಿ.ಗೆ ಕೈಹಾಕಿದೆ. ಕಂಪ್ಲಿಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು, ಸುಟ್ಟು, ಹದಮಾಡಿ ಇದ್ದಿಲಾಗಿಸಬೇಕು. ಗದ್ದೆಗಳಿಂದ ನೀರಿಗೆ ಸೇರುವ ಕೀಟನಾಶಕವನ್ನು ಅದು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆಂದು ಗಣಿತದ ಮಾದರಿಯಲ್ಲಿ ತೋರಿಸಬೇಕು.

ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ಕಂಪ್ಲಿ ಬಸ್ಸಿನ ಸೀಟುಗಳಿದ್ದಂತೆ. ಕೀಟನಾಶಕದ ಕಣಗಳು ಬಂದು ಅವುಗಳಲ್ಲಿ ಕೂರುತ್ತವೆ. ಒಂದು ಮಾದರಿಯ ಪ್ರಕಾರ ಸೀಟಿಗೊಬ್ಬರೇ. ಇನ್ನೊಂದರ ಪ್ರಕಾರ ತೊಡೆಯ ಮೇಲೂ ಕೂರಬಹುದು. ಆ ಬಸ್ಸಿನಲ್ಲಿ ಓಡಾಡುವ ನನಗೆ ಎರಡೂ ಸರಿಯೆನಿಸುತ್ತಿತ್ತು. ನನ್ನ ಇದ್ದಿಲು ಮಾತ್ರ ಎರಡಕ್ಕೂ ಒಗ್ಗಲಿಲ್ಲ. ಬರಬರುತ್ತಾ ಹಿಡಿಯುವುದನ್ನೇ ಕಡಿಮೆ ಮಾಡಿತು. "ಈ ತಿಂಗಳು ಮಾದರಿ ಕೂಡಲಿಲ್ಲಂದ್ರ ನಿಮ್ಮ ಪಿಎಚ್‌.ಡಿ. ಅವಧಿ ಮುಗೀತ್ರಿ, ನನ್ನ ಕೈಯಾಗ ಏನೂ ಇಲ್ಲ" ಎಂದರು ಗೈಡ್ ಮೇಡಂ. ಹೆದರಿ, ಸಮೀಕರಣಕ್ಕೆ ನಾನೇ ಒಂದು ಹೊಸ ಸ್ಥಿರಾಂಕ ಸೇರಿಸಿದೆ. ನಕ್ಷೆಯಲ್ಲಿ ಮಾದರಿಯ ರೇಖೆ ತಕರಾರಿಲ್ಲದೆ ನನ್ನ ಪ್ರಯೋಗದ ಚುಕ್ಕೆಗಳ ಮೇಲೆ ಹೋಗಿ ಕೂತಿತು. ಮೇಡಂಗೆ ಖುಷಿಯೋ ಖುಷಿ. "ಭಾಳ ಚಲೋ ಬಂದೈತ್ರಿ. ಈ ಸ್ಥಿರಾಂಕದ ಅರ್ಥ ಏನಂತ ಒಂದು ಪ್ಯಾರಾ ಬರೀರಿ, ಸಾಕು."

ಅರ್ಥ ನನಗೂ ಬೇಕಾಗಿತ್ತು. ಆ ರಾತ್ರಿ ಯೋಚಿಸಿ ಯೋಚಿಸಿ ಬಾಯಾರಿ, ತಣ್ಣೀರಿಗೆಂದು ಫ್ರಿಜ್ ತೆರೆದೆ. ತುಂಗಭದ್ರಾ ಡ್ಯಾಮಿನ ಮೀನಿನ ಪಕ್ಕದಲ್ಲಿ ನನ್ನ ಇದ್ದಿಲಿನ ಡಬ್ಬಿ ಮುಚ್ಚಳವಿಲ್ಲದೆ ಕೂತಿತ್ತು. ಕಾಲೇಜಿನ ಸೋರುವ ಲ್ಯಾಬಿನಲ್ಲಿ ತೇವ ಹಿಡಿದೀತೆಂದು ಮನೆಗೆ ತಂದು ಜೋಪಾನ ಮಾಡಿದ್ದ ಡಬ್ಬಿ.

"ಇದು ಇಲ್ಯಾಕ ಬಂತು?" ಎಂದು ಹೆಂಡತಿ ರೇಣುಕಾಳನ್ನು ಕೇಳಿದೆ.

"ಮೀನಿನ ವಾಸ್ನಿ ಭಾಳ ಆಗಿತ್ರಿ. ಇದ್ದಲಿ ಎಲ್ಲಾ ವಾಸ್ನಿ ಎಳಕೊಂತೈತಿ ಅಂತ ನಮ್ಮಪ್ಪನ ಮುಂದ ತಾಸುಗಟ್ಲೆ ನೀವ ಹೇಳಿದ್ರಲ್ಲ? ದಿನಾ ರಾತ್ರಿ ಇಡ್ತೀನಿ, ಮುಂಜಾನೆ ಮುಚ್ಚಿ ನಿಮ್ಮ ಜಾಗದಾಗ ಇಡ್ತೀನಿ. ಮಸ್ತ್ ಎಳಿತೈತಿ."

ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಕೀಟನಾಶಕ ಬರುವ ಮೊದಲೇ ಸೀಟುಗಳೆಲ್ಲ ಭರ್ತಿಯಾಗಿದ್ದವು. ನಾನು ಸೇರಿಸಿದ ಸ್ಥಿರಾಂಕದ ಅರ್ಥ ಮೀನು. ಹಾಗೆಂದು ಪ್ಯಾರಾ ಬರೆಯಲಾಗದೆ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಹೊಸಾ ಇದ್ದಲಿ ಮಾಡಿ ಮೊದಲಿಂದ ಶುರು ಮಾಡ್ರಿ. ಯುನಿವರ್ಸಿಟಿಗೆ ಬರದು ಅವಧಿ ಸ್ವಲ್ಪ ಮುಂದಕ ಹಾಕಸಾಕ ನೋಡ್ತೀನಿ" ಎಂದರು ಮೇಡಂ. ಆಮೇಲೆ ನಿಜವಾದ ಕುತೂಹಲದಿಂದ, "ಅಷ್ಟು ಎಳಕೊಂಡೈತಿ ಅಂದ್ರ, ಯಾವ ಮೀನ್ರಿ ಅದು?"

ತಡವರಿಸಿದೆ. ನೀರಿನಲ್ಲಿ ಕಣ್ಣಿಗೆ ಕಾಣದ್ದನ್ನೆಲ್ಲ ಹೆಸರು ಹಿಡಿದು ಹುಡುಕುವ ನನಗೆ, ವಾರವಾರವೂ ತಟ್ಟೆಗೆ ಬಿದ್ದದ್ದು ಯಾವ ಮೀನೆಂದು ಕೇಳಬೇಕೆಂದೇ ಹೊಳೆದಿರಲಿಲ್ಲ.