ಚಪ್ಪಲಿ ಡಬ್ಬಿಯಲ್ಲಿ ತವರಿನ ಬುತ್ತಿ

ನನ್ನ ಹೆಂಡತಿ ನೀಲಮ್ಮ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿ ಕಾಣುತ್ತದೆ. ಇದು ಉತ್ಪ್ರೇಕ್ಷೆ ಎನ್ನುವವರು ಸುರಪುರಕ್ಕೆ ಬಂದು ನೋಡಬಹುದು. ಕಿಟಕಿ ಅಲ್ಲೇ ಇದೆ!

ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಎಲ್ಲವನ್ನೂ ಅವಳು ನಮ್ಮ ಅಡುಗೆಮನೆಯಲ್ಲೇ ಮಾಡಿ ಹೈದರಾಬಾದ್, ಪುಣೆ, ಬೆಂಗಳೂರಿಗೆ ಕಳಿಸುತ್ತಾಳೆ. ರುಚಿಯ ಬಗ್ಗೆ ಇವತ್ತಿನವರೆಗೂ ಒಬ್ಬರೂ ತಕರಾರು ತೆಗೆದಿಲ್ಲ. ತಕರಾರು ಇದ್ದದ್ದು ಪಾರ್ಸಲ್ ಖರ್ಚಿನದು. ರೊಟ್ಟಿ ಹಗುರ, ಆದರೆ ಅಗಲ. ತೂಕ ಕಡಿಮೆಯಾದರೆ ಕೊರಿಯರ್‌ನವರು ಟೇಪು ತೆಗೆದು ಡಬ್ಬಿಯ ಉದ್ದಗಲ ಅಳೆಯುತ್ತಾರೆ. ಅಂದರೆ ರೊಟ್ಟಿಯ ಸುತ್ತಲಿನ ಗಾಳಿಗೂ ನಾವೇ ಬಾಡಿಗೆ ಕಟ್ಟಬೇಕು.

"ರೊಟ್ಟಿ ಬಡದು ಬಡದು ಕೈ ನನ್ನವು ನೋಯ್ತಾವ, ಲಾಭ ಎಲ್ಲಾ ಡಬ್ಬಿ ತಿಂತದ," ಎಂದಳು ಒಂದು ದಿನ. "ಹಿಂಗಾದ್ರ ದೂರದ ಆರ್ಡರ್ ಬಂದ್ ಮಾಡೋದ ಛಲೋ ನೋಡ್ರಿ."

ನನಗೆ ಸಂಕಟವಾಯಿತು. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡ ನಾನು ತಾಲೂಕಿನ ಸಕಲ ಕಾಗದಪತ್ರಗಳನ್ನು ಕಂಡವನು. ಓದಿದವನಲ್ಲ, ಕಂಡವನು. ಧೈರ್ಯಕ್ಕೆ ಅಷ್ಟು ಸಾಕಾಯಿತು.

"ನೀಲಾ, ಇವತ್ತಿಂದ ಟಪಾಲ್ ಖಾತೆ ನನಗ ಬಿಡು. ಖರ್ಚು ಅರ್ಧಕ್ಕ ಇಳಸ್ತೀನಿ. ಬರದು ಕೊಡ್ಲ್ಯಾ?"

"ಬ್ಯಾಡ್ರಿ. ಅದಕ್ಕೊಂದು ಹಾಳಿ ದಂಡ."

ಹೀಗೆ ಯಾವ ಸಮಾರಂಭವೂ ಇಲ್ಲದೆ ನಾನು ಅಧಿಕಾರ ಸ್ವೀಕರಿಸಿದೆ.

ಮೊದಲ ಸುಧಾರಣೆ ಹಿಂಡಿಯದು. ಒಂದಿಷ್ಟು ಹಿಂಡಿಗೆ ಡಬ್ಬಿ ಏಕೆ? ಚಪ್ಪಟೆ ಮಾಡಿದರೆ ಅದೂ ಒಂದು ಪತ್ರವೇ ಅಲ್ಲವೇ! ಅಂಗಡಿಯ ಕಾಗದದ ಲಕೋಟೆಗೆ ಹಿಂಡಿ ತುಂಬಿ, ಅಂಟು ಬಳಿದು, ಅಂಚೆ ಚೀಟಿ ಹಚ್ಚಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಟ್ಟೆ. ಒಳಗಿದ್ದ ಮೇಡಂ ಅದನ್ನು ಒತ್ತಿ ನೋಡಿದರು.

"ಏನದ್ರಿ ಇದರಾಗ?"

"ಪತ್ರರೀ ಮೇಡಂ. ಸ್ವಲ್ಪ ದಪ್ಪ ಬರದೀನಿ."

ಅವರು ಠಪ್ ಎಂದು ಮುದ್ರೆ ಹೊಡೆದರು. ಲಕೋಟೆ ಒಡೆಯಿತು. ಕೌಂಟರಿನ ಮೇಲೆ ಕೆಂಪು ಮೋಡ ಎದ್ದಿತು. ಮೇಡಂ ಸೀನಿದರು. ನನ್ನ ಹಿಂದೆ ಪಿಂಚಣಿಗೆ ನಿಂತಿದ್ದ ಮುದುಕರು ಸೀನಿದರು. ಸೀನು ಬಾಗಿಲು ದಾಟಿ ಹೊರಗೆ ಕೂತಿದ್ದ ಆಡಿನವರೆಗೂ ಹೋಯಿತು! ಮೇಡಂ ಕಣ್ಣೊರೆಸಿಕೊಂಡು, ಬೆರಳಿಗೆ ಅಂಟಿದ್ದನ್ನು ನಾಲಗೆಗೆ ಹಚ್ಚಿಕೊಂಡರು.

"ಯಾರು ಮಾಡ್ಯಾರ್ರಿ ಇದನ್ನ?"

"ನಮ್ಮ ಮನಿಯವ್ರು."

"ಹಿಂಡಿ ಭಾರಿ ಅದ. ನೀವು ಮಾತ್ರ ಇಲ್ಲಿಂದ ನಡೀರಿ."

ಇಷ್ಟಕ್ಕೆ ನಿಲ್ಲಬಹುದಿತ್ತು. ನಿಂತರೆ ನಾನು ನಾನಾಗುವುದು ಹೇಗೆ?

ಮರುವಾರ ನೀಲಮ್ಮ ಜೋಳ ತರಲು ಶಹಾಪುರಕ್ಕೆ ಹೊರಟಳು. ಹೊಸ್ತಿಲಲ್ಲಿ ನಿಂತು, "ದೇವಾಪುರದ ಗಂಗಕ್ಕಾರ ಆರ್ಡರ್ ಕಟ್ಟಿಟ್ಟೀನಿ. ಪುಣಾಕ್ಕ, ಅವರ ಮಗಳ ಮನಿಗೆ. ದೊಡ್ಡ ಡಬ್ಬ್ಯಾಗ ಹಾಕಿ ಕಳಸ್ರಿ, ಜ್ವಾಕಿ," ಎಂದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗಳು ಬುಟ್ಟಿಯಲ್ಲಿ ಚಂದ್ರನಂತೆ ಕೂತಿದ್ದವು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಸುಧಾರಕರು ಅಂಥದ್ದನ್ನೆಲ್ಲ ಕೇಳುವುದಿಲ್ಲ.

ದೊಡ್ಡ ಡಬ್ಬಿ ನೋಡಿದೆ. ಬರೀ ಗಾಳಿ. ನೇರವಾಗಿ ಪಕ್ಕದ ಚಪ್ಪಲಿ ಅಂಗಡಿಗೆ ಹೋಗಿ ಮಹಿಬೂಬ್ ಭಾಯಿಯ ಹತ್ತಿರ ಗಟ್ಟಿಯಾದ ಖಾಲಿ ಡಬ್ಬಿ ಕೇಳಿದೆ.

"ಇದರಾಗ ಎಂಟು ನಂಬರ್ ಚಪ್ಲಿ ಬರ್ತಾವ ಭಾಯಿ, ರೊಟ್ಟಿ ಹ್ಯಾಂಗ ಬರ್ತಾವ?"

"ಬರೂಹಂಗ ಮಾಡ್ಬೇಕು ಭಾಯಿ."

ತಿನ್ನುವವರು ಹೇಗೂ ಮುರಿದೇ ತಿನ್ನುತ್ತಾರೆ. ಆ ಶ್ರಮವನ್ನು ಗ್ರಾಹಕರಿಗೇಕೆ ಕೊಡಬೇಕು? ಒಂದೊಂದೇ ರೊಟ್ಟಿಯನ್ನು ತೆಗೆದು, ಪಟಕ್ ಪಟಕ್ ಎಂದು ನಾಲ್ಕು ತುಂಡು ಮಾಡಿ, ಒಳಗೆ ಕಾಗದ ಹಾಸಿ ಜೋಡಿಸಿದೆ. ಡಬ್ಬಿ ನಾಜೂಕಾಗಿ ತುಂಬಿತು. ಕೊರಿಯರ್ ಖರ್ಚು ನಿಜಕ್ಕೂ ಅರ್ಧ! ಆ ಖುಷಿಗೆ ಮಿರ್ಚಿ ಭಜಿ ತಿಂದೆ. ಉಳಿತಾಯದ ಒಂದು ಪಾಲು ಅಲ್ಲೇ ಮುಗಿಯಿತು.

ಸಂಜೆ ನೀಲಮ್ಮ ಬಂದವಳೇ ಮೂಲೆ ನೋಡಿದಳು.

"ದೊಡ್ಡ ಡಬ್ಬಿ ಇಲ್ಲೇ ಅದಲ್ರೀ! ರೊಟ್ಟಿ ಎದರಾಗ ಹೋಗ್ಯಾವ?"

ನಾನು ಎದೆಯುಬ್ಬಿಸಿ ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿದೆ. ನಡುವೆ ಎಲ್ಲೋ ಅವಳ ಕೈಯಿಂದ ಚೀಲ ಜಾರಿ ಜೋಳ ನೆಲಕ್ಕೆ ಚೆಲ್ಲಿತು.

"ಕುಬಸದ ಬುತ್ತಿರೀ ಅದು!"

ಚೊಚ್ಚಲ ಬಸುರಿಗೆ ಸೀಮಂತ ಮಾಡುವುದನ್ನು ನಮ್ಮ ಕಡೆ ಕುಬಸ ಎನ್ನುತ್ತೇವೆ. ಅವತ್ತು ತವರಿನಿಂದ ಬುತ್ತಿ ಹೋಗುತ್ತದೆ. ಬೀಗರ ಮುಂದೆ, ಓಣಿಯ ಹೆಂಗಸರ ಮುಂದೆ ಅದನ್ನು ಬಿಚ್ಚಿ ಇಡುತ್ತಾರೆ. ರೊಟ್ಟಿ ಇಡಿಯಾಗಿ, ದುಂಡಗೆ ಇರಬೇಕು. ಒಂದು ಬಿರುಕು ಕಂಡರೂ ಆಡಿಕೊಳ್ಳುವವರಿಗೆ ಹಬ್ಬ. ಅಂಥ ಬುತ್ತಿಯನ್ನು ನಾನು ತುಂಡು ಮಾಡಿ, ಅದೂ ಚಪ್ಪಲಿಯ ಚಿತ್ರವಿರುವ ಡಬ್ಬಿಯಲ್ಲಿ ಕಳಿಸಿದ್ದೆ! ಕೊರಿಯರ್ ಗಾಡಿ ಆಗಲೇ ಊರು ಬಿಟ್ಟಿತ್ತು.

"ಗಂಗಕ್ಕ ನನ್ನ ನಂಬಿ ಕೊಟ್ಟಾಳ್ರಿ," ನೀಲಮ್ಮ ಅಲ್ಲೇ ಕುಸಿದು ಕೂತಳು. ಕಣ್ಣು ತುಂಬಿದ್ದವು. "ಆ ಹುಡುಗಿ ಅತ್ತಿ ಮುಂದ ತಲಿ ತಗ್ಗಸಬೇಕೇನು? ನಾಳಿಂದ ಯಾರು ನನ್ನ ಕೈಯಾಗ ಬುತ್ತಿ ಮಾಡಸ್ತಾರ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಅವಳು ಅತ್ತದ್ದು ನನಗೆ ಸಹಿಸಲಾಗಲಿಲ್ಲ.

ಆದರೆ ನೀಲಮ್ಮ ಕೂತವಳು ಹಾಗೇ ಕೂರುವವಳಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗಂಗಕ್ಕನಿಗೆ ಫೋನು ಹಚ್ಚಿದಳು. ಒಂದೂ ಸುಳ್ಳು ಹೇಳಲಿಲ್ಲ. ನಾಡಿದ್ದು ಕುಬಸ, ಗಂಗಕ್ಕ ನಾಳೆ ಯಾದಗಿರಿಯಲ್ಲಿ ರೈಲು ಹತ್ತುತ್ತಾಳೆ. ಹೊಸ ರೊಟ್ಟಿ ಮಾಡಿಕೊಡುತ್ತೇನೆ, ಒಯ್ಯುವಿರಾ ಎಂದು ಕೇಳಿದಳು. ಸೀರೆ, ಬಳೆ, ಕಾಯಿ ಎಂದು ಗಂಗಕ್ಕನ ಕೈ ತುಂಬಿದ್ದವು. ಮೇಲೆ ಮೊಣಕಾಲು ನೋವು.

"ಮುರದಾಂವ ಯಾರವ್ವಾ?" ಫೋನಿನಿಂದ ದನಿ ನನಗೂ ಕೇಳಿಸಿತು.

"ನಮ್ಮ ಮನಿಯವ್ರ ಅಕ್ಕಾ."

"ಹಂಗಾದ್ರ ಬುತ್ತಿ ಆ ಪುಣ್ಯಾತ್ಮನ ಹೊತ್ಕೊಂಡು ಬರ್ಲಿ!"

ನಸುಕಿನಲ್ಲೇ ನೀಲಮ್ಮ ಒಲೆ ಹೊತ್ತಿಸಿದಳು. ಅವಳು ರೊಟ್ಟಿ ಬಡಿಯುವುದನ್ನು ಇಷ್ಟು ವರ್ಷ ಕೇಳಿದ್ದೆ, ನೋಡಿರಲಿಲ್ಲ. ಅವತ್ತು ಒಲೆಗೆ ಕಟ್ಟಿಗೆ ಕೊಡುತ್ತ ನೋಡಿದೆ. ಹಿಟ್ಟಿನ ಉಂಡೆ ಅವಳ ಅಂಗೈ ಕೆಳಗೆ ತಿರುತಿರುಗಿ ತೆಳ್ಳಗಾಗುತ್ತ ಹೋಯಿತು. ಅಂಚು ಒಂದು ಕಡೆಯೂ ಸೀಳಲಿಲ್ಲ. ತವೆಯ ಮೇಲೆ ಹಾಕಿ ನೀರು ಸವರುವಾಗ ಅವಳು ನೋಡುತ್ತಿದ್ದದ್ದು ಮುಂದಿನ ಉಂಡೆಯನ್ನು! ಇಂಥ ಕೈಯ ಕೆಲಸವನ್ನು ನಾನು ಪಟಕ್ ಎಂದು ಮುರಿದಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಮಧ್ಯಾಹ್ನ ಬಿದಿರಿನ ಬುಟ್ಟಿಗೆ ಬಿಳಿ ಅರಿವೆ ಹಾಸಿ, ರೊಟ್ಟಿ ಜೋಡಿಸಿ, ನನ್ನ ತಲೆಯ ಮೇಲಿಟ್ಟಳು.

ಸುರಪುರದಿಂದ ಶಹಾಪುರ, ಶಹಾಪುರದಿಂದ ಯಾದಗಿರಿ. ಬಸ್ಸು ಕುಲುಕಿದಾಗಲೆಲ್ಲ ನಾನು ಮಂಡಿ ಬಗ್ಗಿಸಿ ಕುಲುಕನ್ನು ನುಂಗಿದೆ. ರೈಲಿನಲ್ಲಿ ಗಂಗಕ್ಕನಿಗೆ ರಿಸರ್ವೇಶನ್ ಇತ್ತು. ನನಗೆ ಜನರಲ್ ಬೋಗಿ. ಹತ್ತುವ ನೂಕಾಟದಲ್ಲಿ ನನ್ನ ಒಂದು ಚಪ್ಪಲಿ ಯಾದಗಿರಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಒಂಟಿ ಚಪ್ಪಲಿ ಇಟ್ಟುಕೊಂಡು ಏನು ಮಾಡಲಿ? ಅದನ್ನೂ ಬಿಟ್ಟೆ. ಬುಟ್ಟಿ ಬಿಡಲಿಲ್ಲ. ಪುಣೆಯವರೆಗೂ ನಿಂತೇ ಹೋದೆ.

ಕುಬಸದ ಮನೆಯಲ್ಲಿ ಹೆಂಗಸರು ಸುತ್ತ ಸೇರಿದರು. ಬೀಗತಿ, ಅಂದರೆ ಅಳಿಯನ ತಾಯಿ, ಕಲಬುರಗಿ ಕಡೆಯವರು. ಅರಿವೆ ಸರಿಸಿ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ಒಂದೂ ಬಿರುಕಿಲ್ಲವ್ವಾ! ಯಾರ ಕೈಯಾವ ಇವು?"

"ನಮ್ಮ ಸುರಪುರದ ನೀಲಮ್ಮನವು," ಎಂದಳು ಗಂಗಕ್ಕ. ಅವಳ ಮಗಳ ಮುಖ ಅರಳಿತು. ನನ್ನ ಕಣ್ಣು ಒದ್ದೆಯಾದವು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಕೊರಿಯರ್ ಬಂದಿತ್ತು! ಬೀಗತಿ ಡಬ್ಬಿ ಇಸಿದುಕೊಂಡು ಚಿತ್ರ ನೋಡಿದರು. "ಏನಿದು? ತವರಿಂದ ಚಪ್ಲಿ ಬಂದಾವ?"

ಗಂಗಕ್ಕ ನನ್ನನ್ನು ನೋಡಿದಳು. ಆ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳಬೇಕು.

"ನನ್ನವು ರೀ!" ಎಂದು ಹಾರಿ ಡಬ್ಬಿ ಕಸಿದುಕೊಂಡೆ. "ನನ್ನ ಚಪ್ಲಿ. ಮುಂಚೇನ ಕಳಿಸಿದ್ದೆ."

ಬೀಗತಿ ನನ್ನ ಕಾಲು ನೋಡಿದರು. "ಮತ್ತ ಬರಿಗಾಲಾಗ ಯಾಕ ನಿಂತೀರಿ? ಹಾಕ್ಕೊಳ್ರಿ."

"ಊರಿಗೆ ಹೋಗಿ ಹಾಕ್ಕೊತೀನ್ರಿ. ಹೊಸಾವ ಅದಾವ."

ಬೀಗತಿ ಮೊಮ್ಮಗು ಬರುವ ಮನೆಯಲ್ಲಿ ಹುಚ್ಚರ ಜೊತೆ ವಾದ ಬೇಡ ಎಂದುಕೊಂಡಿರಬೇಕು. "ಈ ಕೊರಿಯರ್‌ದವ್ರಿಗೆ ಒಂದು ಚಾ ಕೊಡ್ರಿ," ಎಂದು ನನ್ನ ಕಡೆ ಕೈ ತೋರಿಸಿ ಒಳಗೆ ಹೋದರು. ಮರಳುವ ದಾರಿಯುದ್ದಕ್ಕೂ ನಾನು 'ಚಪ್ಪಲಿ'ಯನ್ನೇ ತಿಂದುಕೊಂಡು ಬಂದೆ.

ಕಥೆ ಕೇಳಿ ನೀಲಮ್ಮ ಹೊಟ್ಟೆ ಹಿಡಿದು ನಕ್ಕಳು. ನಂತರ ಟಪಾಲ್ ಖಾತೆ ಹಿಂದಕ್ಕೆ ಪಡೆದಳು. ಈಗ ಯಾರು ಆರ್ಡರ್ ಕೊಟ್ಟರೂ ಮೊದಲು, "ಎದಕ್ಕ ಬೇಕ್ರಿ?" ಎಂದು ಕೇಳುತ್ತಾಳೆ. ಹಾಸ್ಟೆಲ್ ಹುಡುಗರಾದರೆ ಅವರನ್ನೇ ಕೇಳಿ, ತುಂಡು ರೊಟ್ಟಿಯನ್ನು ಹೊಸ ಸಣ್ಣ ಡಬ್ಬಿಯಲ್ಲಿ ಕಳಿಸುತ್ತಾಳೆ. ಒಂದೇ ಓಣಿಯವರ ಆರ್ಡರುಗಳನ್ನು ಕೂಡಿಸಿ ಒಂದೇ ಪಾರ್ಸಲ್ ಮಾಡುತ್ತಾಳೆ. ಬುತ್ತಿಯಾದರೆ ಆ ಊರಿಗೆ ಹೋಗುವವರನ್ನು ಹುಡುಕಿ ಕೈಯಲ್ಲಿ ಕೊಡುತ್ತಾಳೆ. ಖರ್ಚು ಅರ್ಧಕ್ಕೆ ಇಳಿದಿದೆ. ಮಾತು ಕೊಟ್ಟವನು ನಾನು, ನಡೆಸಿದವಳು ಅವಳು. ನನ್ನ ಮೂರ್ಖತನದೊಳಗಿಂದಲೂ ಉಪಯೋಗದ ತುಂಡನ್ನು ಆರಿಸಿಕೊಂಡಳಲ್ಲ, ಅದಕ್ಕೇ ಅವಳ ಬಗ್ಗೆ ನನಗೆ ಅಷ್ಟು ಹೆಮ್ಮೆ.

ನಿನ್ನೆ ಊಟ ಮಾಡಿ ಅಡ್ಡಾಗಿದ್ದೆ. ಅಡುಗೆಮನೆಯಲ್ಲಿ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಸೊಲ್ಲಾಪುರಕ್ಕೇನ್ರಿ? ಕುಬಸದ್ದೇನು? ಹೋಗೂ ಮಂದಿ ಯಾರೂ ಇಲ್ಲಂತೀರಾ? ಚಿಂತಿ ಬ್ಯಾಡ್ರಿ. ಕೊರಿಯರ್ ನಮ್ಮ ಮನ್ಯಾಗ ಅದ. ಈಗ ಉಂಡು ಮಲಕೊಂಡದ. ಎದ್ದ ಕೂಡ್ಲೇ ಕಳಸ್ತೀನಿ."