ಜಾತಕ ತೋರಿಸಿದರೆ ಲೈಸೆನ್ಸು ಕೊಡುವುದಿಲ್ಲವಂತೆ

ದೂರದೃಷ್ಟಿಯುಳ್ಳ ಗಂಡಸಿಗೆ ಅವನ ಮನೆಯಲ್ಲೇ ಬೆಲೆಯಿಲ್ಲ. ಬೇರೆ ಉದಾಹರಣೆ ಯಾಕೆ, ನನ್ನನ್ನೇ ನೋಡಿ. ನನ್ನ ಮಗಳು ಸ್ನೇಹಳನ್ನು ಒಂದನೇ ತರಗತಿಗೆ ಸೇರಿಸುವಾಗ ಅವಳಿಗೆ ಏಳು ತುಂಬಿತ್ತು. (ಅಜ್ಜಿಯ ಮುದ್ದಿನಿಂದ ಎರಡು ವರ್ಷ ತಡವಾಗಿತ್ತು.) ನಾನು ಅರ್ಜಿಯಲ್ಲಿ ಐದು ಎಂದು ಬರೆಸಿ ಬಂದೆ. ನಾಳೆ ಹುಡುಗಿಗೆ ಸರ್ಕಾರಿ ನೌಕರಿ ಸಿಕ್ಕರೆ ನಿವೃತ್ತಿ ಎರಡು ವರ್ಷ ಮುಂದಕ್ಕೆ ಹೋಗುತ್ತದಲ್ಲ! ಒಂದನೇ ತರಗತಿಯಲ್ಲೇ ಮಗಳ ನಿವೃತ್ತಿಯ ಬಗ್ಗೆ ಯೋಚಿಸಿದ ತಂದೆ ಇಡೀ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಸ್ನೇಹ ಈಗ ನಾಗಮಂಗಲದಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ನಾವಿರುವುದು ಬಿಂಡಿಗನವಿಲೆಯಲ್ಲಿ. ಬೆಳಗಿನ ಬಸ್ಸು ನಾಗಮಂಗಲ ಮುಟ್ಟುವಷ್ಟರಲ್ಲಿ ಅವಳ ಮೊದಲ ಪಾಠ ಮುಗಿದಿರುತ್ತದೆ. ಹೀಗೇ ಆದರೆ ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಿಂದ ಪತ್ರ ಬಂತು. ನನ್ನ ಕಚೇರಿಯೂ ನಾಗಮಂಗಲದಲ್ಲೇ ಇರುವುದರಿಂದ ಬೈಕಿನಲ್ಲಿ ನಾನೇ ಬಿಡಬಹುದಿತ್ತು. ಆದರೆ ಅವಳ ಪಾಠ ಒಂಬತ್ತಕ್ಕೆ, ನನ್ನ ಕಚೇರಿ ಹತ್ತಕ್ಕೆ. ಮಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ ಆ ಒಂದು ಗಂಟೆಯ ನಿದ್ದೆಯನ್ನು ಬಿಟ್ಟುಕೊಡುವಷ್ಟು ತ್ಯಾಗಿ ನಾನಲ್ಲ. ಹಾಗಾಗಿ ಅವಳಿಗೊಂದು ಸ್ಕೂಟರ್ ಕೊಡಿಸಿದೆ.

ಕೊಡಿಸಿದ್ದೇನೋ ಸರಿ, ಜೊತೆಗೆ ಭಾಷಣವನ್ನೂ ಮಾಡಿದೆ. "ಲೈಸೆನ್ಸ್ ಇಲ್ಲದೆ ಗಾಡಿ ಮುಟ್ಟಂಗಿಲ್ಲ. ರೂಲ್ಸು ಬಿಗಿ ಮಾಡವ್ರೆ. ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ರೆ ಇಪ್ಪತ್ತೈದು ಸಾವಿರ ದಂಡ, ಅಪ್ಪನಿಗೆ ಜೈಲು. ಒಳ್ಳೇದೇ ಆಯ್ತು! ಅಂಥ ಅಪ್ಪಂದಿರನ್ನ ಒಳಗೆ ಹಾಕ್ಬೇಕು!"

ಈ ಮಾತನ್ನು ಮನೆಯಲ್ಲಷ್ಟೇ ಅಲ್ಲ, ಟೀ ಅಂಗಡಿಯಲ್ಲಿ, ಕಚೇರಿಯಲ್ಲಿ, ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂಡ ಹೇಳಿದ್ದೆ.

ಮಾರನೆಯ ದಿನ ಸ್ನೇಹ ಮೊಬೈಲಿನಲ್ಲಿ ಅರ್ಜಿ ಹಾಕಲು ಕೂತವಳು ತಲೆಯೆತ್ತಿದಳು. "ಅಪ್ಪಾ, ತಗತಿಲ್ಲ. ಆಧಾರ್ ಪ್ರಕಾರ ನಂಗೆ ಹದಿನೇಳಂತೆ."

ಅಡಿಗೆಮನೆಯಿಂದ ನನ್ನ ಹೆಂಡತಿ ಸಿದ್ದಲಿಂಗಮ್ಮ ಸೌಟಿನ ಸಮೇತ ಬಂದಳು. "ಹತ್ತೊಂಬತ್ತು ವರ್ಷದ ಹಿಂದೆ ಹೆತ್ತೋಳು ನಾನಿವ್ನಿ. ನೀವು ಅದೆಂಗ್ರೀ ಎರಡು ವರ್ಷ ನುಂಗ್ಬುಟ್ರಿ? ಆವತ್ತೇ ಬ್ಯಾಡಾ ಅಂದೆ."

"ಇರ್ಲಿ ಬುಡೇ. ಆಫೀಸಿಗೆ ಹೋಗಿ ಎದುರಿಗೆ ಕೂತು ವಿವರಿಸಿದ್ರೆ ಎಲ್ಲಾ ಸರಿಹೋಗ್ತದೆ. ಸಾಕ್ಷಿ ಇಲ್ವಾ? ಜಾತಕ ಐತಲ್ಲ!"

ಹುಟ್ಟಿದ ಗಳಿಗೆ, ನಕ್ಷತ್ರ, ಪಾದ ಎಲ್ಲವೂ ಇರುವ ಜಾತಕಕ್ಕಿಂತ ದೊಡ್ಡ ದಾಖಲೆ ಯಾವುದಿದೆ? ಮೂಲೆಗಳಿಗೆ ಅರಿಶಿನ ಹಚ್ಚಿದ ಆ ಜಾತಕವನ್ನು ಬ್ಯಾಗಿಗಿಟ್ಟುಕೊಂಡು ಸಿದ್ದಲಿಂಗಮ್ಮ ಬಸ್ಸಿನಲ್ಲಿ ಹೊರಟಳು. ನಾನೂ ಸ್ನೇಹಳೂ ಸ್ಕೂಟರಿನಲ್ಲಿ ಹೊರಟೆವು. ಊರ ಹೊರಗೆ ಬಂದ ಮೇಲೆ ಸ್ನೇಹ, "ಅಪ್ಪಾ, ನಾನು ಓಡಿಸ್ಲಾ?" ಎಂದಳು. ಇವತ್ತು ಹೇಗೂ ಲೈಸೆನ್ಸಿಗೆ ದಾರಿಯಾಗುತ್ತದೆ, ಎರಡು ಗಂಟೆ ಮುಂಚಿತವಾಗಿ ಓಡಿಸಿದರೆ ಆಕಾಶವೇನೂ ಬೀಳುವುದಿಲ್ಲ ಎಂದು ನಾನು ಹಿಂದೆ ಕುಳಿತೆ. (ಪಂಕ್ತಿಯಲ್ಲಿ ನನ್ನ ಪಕ್ಕ ಉಂಡವರು ದಯವಿಟ್ಟು ಈ ಸಾಲನ್ನು ಓದಬಾರದು.)

ಸಾರಿಗೆ ಕಚೇರಿಯ ಮೇಜಿನ ಹಿಂದೆ ಇದ್ದವರು ರಮ್ಯ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ನಮ್ಮ ಹಿಂದೆ ಹನ್ನೆರಡು ಜನರ ಸಾಲು. ಬಸ್ಸಿಳಿದು ಬಂದ ಸಿದ್ದಲಿಂಗಮ್ಮ ಜಾತಕವನ್ನು ನನ್ನ ಕೈಗಿಟ್ಟು ಹಿಂದಿನ ಬೆಂಚಿನಲ್ಲಿ ಕೂತಳು. ನಾನು ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ.

"ಇದೇನ್ರೀ?"

"ಹುಡುಗಿ ಜಾತಕ ಮೇಡಂ."

"ಇಲ್ಲಿ ಯಾರೂ ಗಂಡು ಇಲ್ಲವಲ್ಲ!" ಸಾಲಿನವರು ನಕ್ಕರು.

"ಹಂಗಲ್ಲ ಮೇಡಂ. ಕಂಪ್ಯೂಟರಿನಾಗೆ ಹದಿನೇಳು ಅಂತ ಇರೋದು ತಪ್ಪು. ಇಲ್ಲಿ ನೋಡಿ, ಹತ್ತೊಂಬತ್ತು ತುಂಬೈತೆ. ಅದೂ ಅಲ್ದೆ ವಾಹನಯೋಗ ಪ್ರಬಲವಾಗೈತೆ ಅಂತ ಜೋಯಿಸರು ಕೈಯಾರೆ ಬರೆದವ್ರೆ."

ಅವರು ಜಾತಕವನ್ನು ಅರಿಶಿನ ಉದುರದ ಹಾಗೆ ಮಡಚಿ ನನ್ನ ಕೈಗಿಟ್ಟರು. "ಯೋಗ ಇರಬಹುದು ಸಾರ್, ದಾಖಲೆ ಇಲ್ಲ. ಆಧಾರಿನಲ್ಲಿರೋದು ಶಾಲೆಯ ದಾಖಲೆಯ ವಯಸ್ಸು, ಅದು ಸುಳ್ಳು ಅಂತೀರಾ? ಹಾಗಾದರೆ ಸುಳ್ಳು ವಯಸ್ಸು ಬರೆಸಿದವರು ಯಾರು? ನೀವೇನು ಕೆಲಸ ಮಾಡೋದು?"

ಸರ್ಕಾರಿ ನೌಕರನಾದ ಈ ಚಿಕ್ಕಸ್ವಾಮಿ ಸುಳ್ಳು ದಾಖಲೆ ಬರೆಸಿದ ಎಂದು ಇವರು ಎರಡು ಸಾಲು ಗೀಚಿದರೆ ಮಗಳ ನಿವೃತ್ತಿಗಿಂತ ಮೊದಲೇ ನನ್ನದಾಗುತ್ತದೆ. ತಕ್ಷಣ ಮಾತಿನ ದಿಕ್ಕು ತಿರುಗಿಸಿದೆ.

"ವಯಸ್ಸಿನ ಮಾತು ಬುಡಿ ಮೇಡಂ, ಕೈ ನೋಡಿ! ಬಿಂಡಿಗನವಿಲೆಯಿಂದ ಇಲ್ಲೀಗಂಟ ನನ್ನನ್ನ ಹಿಂದೆ ಕೂರಿಸ್ಕೊಂಡು ಇವಳೇ ಓಡಿಸ್ಕೊಂಡು ಬಂದವ್ಳೆ. ಒಂದೇ ಒಂದು ಗುಂಡಿಗೆ ಬುಟ್ಟಿದ್ರೆ ಕೇಳಿ!"

ರಮ್ಯ ಮೇಡಂ ಪೆನ್ನಿನ ಟೋಪಿ ತೆಗೆದರು. "ಯಾವಾಗ? ಇವತ್ತಾ? ಗಾಡಿ ನಂಬರ್ ಹೇಳಿ." ಸ್ನೇಹಳ ಮುಖ ನೋಡಲಾಗಲಿಲ್ಲ. ಕೇಸಾದರೆ ಇಪ್ಪತ್ತೈದು ವಯಸ್ಸು ತುಂಬುವವರೆಗೆ ಅವಳಿಗೆ ಲೈಸೆನ್ಸೇ ಇಲ್ಲ ಎಂಬುದನ್ನೂ ನಾನೇ ಟೀ ಅಂಗಡಿಯಲ್ಲಿ ಸಾರಿದ್ದೆ. ಹುಡುಗಿಯ ಕಣ್ಣಲ್ಲಿ ನೀರು ಕಂಡಾಗ, ನಿಜ ಹೇಳುತ್ತೇನೆ, ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆಗ ಸಿದ್ದಲಿಂಗಮ್ಮ ಸಾಲನ್ನು ಸೀಳಿಕೊಂಡು ಮುಂದೆ ಬಂದಳು.

"ಮೇಡಮ್ಮೋರೇ, ಇವ್ರ ಮಾತು ಬರ್ಕೋಬ್ಯಾಡಿ. ಇವ್ರಿಗೆ ಬೊಗಳೆ ಬುಡೋ ಚಾಳಿ ಕಣ್ರವ್ವ. ಬೇಕಾದ್ರೆ ಊರಾಗೆ ಯಾರನ್ನಾದ್ರೂ ಕೇಳಿ. ಗಾಡಿ ಓಡಿಸ್ಕೊಂಡು ಬಂದಿದ್ದು ಇವ್ರೇ." ನನ್ನ ಕಡೆ ತಿರುಗಿದಳು. "ಹೇಳ್ರೀ, ಬಾಯಿ ಬುಟ್ಟು ಹೇಳಿ."

ಹನ್ನೆರಡು ಜನ ಕಿವಿಗೊಟ್ಟು ನಿಂತಿದ್ದರು. ಅವರಲ್ಲಿ ಇಬ್ಬರು ನಮ್ಮ ಬೀದಿಯವರೇ.

"ಹೌದು ಮೇಡಂ, ನಾನು ಸುಳ್ಳುಗಾರ. ಓಡಿಸಿದ್ದು ನಾನೇ" ಎಂದು ಸುಳ್ಳು ಹೇಳಿದೆ.

ಮೇಡಂ ನಮ್ಮ ಮೂವರನ್ನೂ ನೋಡಿದರು. ನಂಬಿದಂತೆ ಕಾಣಲಿಲ್ಲ. "ಸರಿ. ಹಾಗಾದರೆ ನಿಮ್ಮ ಲೈಸೆನ್ಸ್ ತೋರಿಸಿ."

ನಾನು ಗೆದ್ದವನ ಹಾಗೆ ಪರ್ಸಿನಿಂದ ತೆಗೆದುಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. "ಇದರ ಅವಧಿ ಮುಗಿದು ಆರು ವರ್ಷ ಆಗಿದೆ. ಇನ್ನು ನವೀಕರಣ ಆಗಲ್ಲ. ಮೊದಲು ಎಲ್ಲೆಲ್, ಅಂದ್ರೆ ಕಲಿಯುವವರ ಲೈಸೆನ್ಸ್ ಮಾಡಿಸಿ, ಟೆಸ್ಟ್ ಕೊಟ್ಟು ಹೊಸದಾಗಿ ತಗೊಳ್ಳಿ. ಈಗ ದಂಡ ಕಟ್ಟಿ, ಲೈಸೆನ್ಸ್ ಇರೋರನ್ನ ಕರೆಸಿ ಗಾಡಿ ತಗೊಂಡು ಹೋಗಿ. ಮಗಳ ಕೈಗೆ ಕೊಟ್ಟಿದ್ದು ಇನ್ನೊಂದು ಸಲ ಕಿವಿಗೆ ಬಿತ್ತೋ, ಆಗ ಬೊಗಳೆ ಅಂತ ಬಿಡಲ್ಲ."

"ಎರಡು ಅರ್ಜಿ ಕೊಡಿ ಮೇಡಮ್ಮೋರೇ" ಎಂದಳು ಸಿದ್ದಲಿಂಗಮ್ಮ. "ಒಂದು ನಂಗೆ."

ಒಂದೂವರೆ ತಿಂಗಳ ನಂತರ ಇಬ್ಬರೂ ಟೆಸ್ಟಿಗೆ ನಿಂತೆವು. ನೆಲದ ಮೇಲೆ ಬರೆದ ಎಂಟಂಕಿಯ ಮೇಲೆ ಕಾಲು ಊರದೆ ಗಾಡಿ ಸುತ್ತಿಸಬೇಕು. ಸಿದ್ದಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ರಂಗೋಲಿ ಎಳೆದಷ್ಟು ಸಲೀಸಾಗಿ ಸುತ್ತಿ ಬಂದಳು. ಮೂವತ್ತು ವರ್ಷದ ಅನುಭವಿಯಾದ ನಾನು ಮೊದಲ ತಿರುವಿನಲ್ಲೇ ಕಾಲೂರಿದೆ. ಎರಡನೆಯ ಸಲ ಹೋದಾಗ ಎರಡೂ ಕಾಲೂರಿದೆ. ಇನ್ನೊಂದು ಅವಕಾಶವಿದೆಯಂತೆ.

ಈಗ ಬೆಳಿಗ್ಗೆ ಎಂಟೂಕಾಲಿಗೆ ತಾಯಿ ಮಗಳು ಸ್ಕೂಟರಿನಲ್ಲಿ ಹೊರಡುತ್ತಾರೆ. ಸ್ನೇಹ ಒಂದು ಪಾಠವನ್ನೂ ತಪ್ಪಿಸುತ್ತಿಲ್ಲ, ಪರೀಕ್ಷೆಯ ಅರ್ಜಿಯನ್ನೂ ಕಾಲೇಜಿನವರು ತೆಗೆದುಕೊಂಡರು. ನನ್ನನ್ನು ಎರಡನೇ ಟ್ರಿಪ್ಪಿಗೆ ಬಿಡು ಎಂದರೆ ಸಿದ್ದಲಿಂಗಮ್ಮ, "ನಾನೇನು ಆಟೋ ಮಡಿಕ್ಕೊಂಡಿವ್ನಾ?" ಎನ್ನುತ್ತಾಳೆ. ಲೈಸೆನ್ಸ್ ಸಿಗುವವರೆಗೆ ಬೈಕು ಮುಟ್ಟುವಂತಿಲ್ಲ, ನಾನು ಬೆಳಗಿನ ಬಸ್ಸು ಹಿಡಿಯಬೇಕು. ವಾರದಲ್ಲಿ ಮೂರು ದಿನ ಎಚ್ಚರವಾಗುವುದಿಲ್ಲ. ಮುಂದಿನ ಬಸ್ಸು ಮುಟ್ಟಿಸುವಾಗ ಹನ್ನೊಂದಾಗಿರುತ್ತದೆ.

ಮೊನ್ನೆ ಕಚೇರಿಯಿಂದ ನೋಟಿಸು ಬಂತು. ಪದೇ ಪದೇ ತಡವಾಗಿ ಬರುತ್ತಿರುವುದಕ್ಕೆ ಖುದ್ದಾಗಿ ಬಂದು ಕಾರಣ ಹೇಳಬೇಕಂತೆ. ಸ್ನೇಹ ಅದನ್ನು ಗಟ್ಟಿಯಾಗಿ ಓದಿದಳು. ಸಿದ್ದಲಿಂಗಮ್ಮ ಗೂಟದಿಂದ ಹೆಲ್ಮೆಟ್ ತೆಗೆದುಕೊಂಡಳು.

"ನಡೀರಿ, ನಾನೂ ಬತ್ತೀನಿ. ನಿಮ್ಮ ಸಾಹೇಬ್ರತ್ರ ನಾನೇ ಮಾತಾಡ್ತೀನಿ."

"ನೀನ್ಯಾಕೇ?"

"ನಿಮ್ಮೊಬ್ರನ್ನೇ ಕಳಿಸಿದ್ರೆ ನಿಜ ಹೇಳ್ಬುಡ್ತೀರಾ."

ನಾನು ಹಿಂದೆ ಹತ್ತಿ ಕುಳಿತೆ.