ಕೋನಪ್ಪ ಕೊಟ್ಟ ಹೆಂಚು

ಅರ್ಜುನನಿಗೆ ಗಾಂಡೀವ, ಭೀಮನಿಗೆ ಗದೆ, ಶಿಡ್ಲಘಟ್ಟದ ಕೋನಪ್ಪನಿಗೆ ಬಲಗಿವಿ. ರೇಷ್ಮೆಗೂಡು ಕೊಂಡು ನೂಲು ಬಿಚ್ಚಿಸುವುದು ಅವನ ಕಸುಬು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿಯೇ ಬೆಲೆ ಹೇಳುತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಪುರಾಣವಾಗುತ್ತಿರಲಿಲ್ಲ. ಬೆಂಕಿಪೊಟ್ಟಣ, ಮಾವಿನಕಾಯಿ, ಪಕ್ಕದ ಮನೆಯ ಮಗುವಿನ ಗಿಲಕಿ, ಎಲ್ಲವೂ ಆ ಕಿವಿಯ ಮುಂದೆ ಬಂದು ಸಾಕ್ಷಿ ಹೇಳಬೇಕಿತ್ತು. ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿದ್ದ ತೆಂಗಿನಕಾಯನ್ನೂ ಅಲ್ಲಾಡಿಸಿದನಂತೆ. (ಹೆಣ್ಣನ್ನು ಅಲ್ಲಾಡಿಸಲು ಹಿರಿಯರು ಬಿಡಲಿಲ್ಲ. ಮುಂದೆ ಆ ಹೆಣ್ಣೇ ಅವನನ್ನು ಅಲ್ಲಾಡಿಸಿದ್ದು ಬೇರೆ ಕಾಂಡ.)

ಆ ಹೆಣ್ಣೇ ರಾಮಲಕ್ಷ್ಮಮ್ಮ, ಈಗ ಮಹಿಳಾ ಸಮಾಜದ ಅಧ್ಯಕ್ಷಿಣಿ. ಸಮಾಜದವರು ಶಿಶುವಿಹಾರಕ್ಕೆಂದು ಗೋಡೆ ಎಬ್ಬಿಸಿದ್ದರು, ಸೂರಿರಲಿಲ್ಲ. ಮಳೆ ಹಿಡಿದರೆ ಮಣ್ಣಿನ ಗೋಡೆ ಮರಳಿ ಮಣ್ಣಾಗುವುದು ಖಂಡಿತ. ಚಂದಾ ಎತ್ತೋಣವೆಂದರೆ ಊರಿನ ಜೇಬುಗಳಿಗೆಲ್ಲ ಹೊಲಿಗೆ ಬಿದ್ದಿತ್ತು. ಹಿಂದಿನ ವರ್ಷ ಖಾದಿ ಜುಬ್ಬದವನೊಬ್ಬ ದನಗಳ ನೀರಿನ ತೊಟ್ಟಿಗೆಂದು ಚಂದಾ ಎತ್ತಿ, ರಸೀತಿ ಹರಿದುಕೊಟ್ಟು, ಕೈಮುಗಿದು, ಸಣ್ಣ ರೈಲು ಹತ್ತಿ ಹೋಗಿದ್ದ. ದನಗಳು ಇನ್ನೂ ಕಾಯುತ್ತಿದ್ದವು.

ರಾಮಲಕ್ಷ್ಮಮ್ಮನಿಗೆ ಒಂದು ಉಪಾಯ ಹೊಳೆಯಿತು. ದುಡ್ಡೇ ಬೇಡ, ಹೆಂಚು ಕೊಡಿ. ಒಳಮೈಗೆ ಸುಣ್ಣದಲ್ಲಿ ನಿಮ್ಮ ಹೆಸರು ಬರೆದು, ನಿಮ್ಮ ಕೈಯಿಂದಲೇ ತಂದಿಡಿ. ದುಡ್ಡಾದರೆ ರೈಲು ಹತ್ತುತ್ತದೆ. ಹೆಂಚು ಹತ್ತುವುದು ಸೂರನ್ನು ಮಾತ್ರ!

"ಯೋಚ್ನೆ ಏನೋ ಚೆನ್ನಾಗದೆ ಅಕ್ಕಾ," ಎಂದ ದಿನಸಿ ಅಂಗಡಿಯ ಆವುಲಪ್ಪ. "ನಿಮ್ಮೆಜಮಾನ್ರು ಎಷ್ಟು ಕೊಟ್ರು?"

"ಅವರು... ಕೊಡ್ತಾರೆ."

"ಕೊಡ್ಲಿ, ನೋಡಣ. ಇಂಟ ಗೆಲಿಚಿ ರಚ್ಚ ಗೆಲವಮನ್ನಾರು. ಮೊದ್ಲು ಮನೆ ಗೆದ್ಕೊಂಡು ಬನ್ನಿ, ಆಮೇಲೆ ಊರು. ಕೋನಪ್ಪಣ್ಣನೇ ನಂಬಿ ಕೊಟ್ಟ ಅಂದ್ರೆ ನಾವೆಲ್ಲ ಕಣ್ಮುಚ್ಕೊಂಡು ಕೊಡ್ತೀವಿ."

ಎಲ್ಲರ ಮನೆ ಬಾಗಿಲಲ್ಲೂ ಇದೇ ಮಂಗಳಾರತಿಯಾಯಿತು. ರಾಮಲಕ್ಷ್ಮಮ್ಮ ಮನೆಗೆ ಬಂದು ತಟ್ಟೆಗೆ ಮುದ್ದೆಯನ್ನು ಇಕ್ಕಲಿಲ್ಲ, ಎಸೆದಳು.

"ಏನಂದ್ರೆ, ಹೆಂಚು ಕೊಡ್ತೀರೋ ಇಲ್ವೋ?"

"ಎಂಥಾ ಹೆಂಚು?"

"ಹೊಸಾ ಹೆಂಚು. ಇನ್ನೆಂಥಾದ್ದು?"

"ಹೊಸಾದನ್ನ ಹೆಂಗೇ ನಂಬೋದು? ನಾಲ್ಕು ಮಳೆಗಾಲ ಕಂಡಿರಬೇಕು ಕಣೇ. ಸೋರಿದ್ರೆ ಕೆಳಗೆ ಕೂತಿರೋ ಮಕ್ಕಳು ತಲೆಯೆತ್ತಿ ನನ್ನ ಹೆಸರು ಓದ್ತವೆ."

"ಶಿಶುವಿಹಾರದ ಮಕ್ಕಳಿಗೆ ಓದಕ್ಕೆ ಬರಲ್ಲ!"

"ಅವರಪ್ಪಂದ್ರಿಗೆ ಬರ್ತದೆ."

ರಾಮಲಕ್ಷ್ಮಮ್ಮ ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟಳು. "ಆಯ್ತು. ನಾಳೆ ಊರೋರೆಲ್ಲ ಅಲ್ಲಿ ಸೇರ್ತಾರೆ. ನೀವು ಬರದಿದ್ರೆ ಸಮಾಜಕ್ಕೆ ಒಂದು ನಮಸ್ಕಾರ ಹಾಕಿ ಬರ್ತೀನಿ. ಆಮೇಲೆ ಬೆಳಗಿಂದ ಸಾಯಂಕಾಲದ ತನಕ ಮನೇಲೇ ಇರ್ತೀನಿ, ನಿಮ್ಮೆದುರಿಗೇ!"

ಕೋನಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

ಮರುದಿನ ಬೆಳಗ್ಗೆ ತಂಗಳು ತಿಂದು ಹೊರಟ ರಾಮಲಕ್ಷ್ಮಮ್ಮ ಬೋಳುಗೋಡೆಗಳ ನಡುವೆ ನಿಂತು ಮಕ್ಕಳ ಬಗ್ಗೆ, ದೇಶದ ಬಗ್ಗೆ, ಪುಣ್ಯದ ಬಗ್ಗೆ ಮಾತಾಡಿದಳು. ಜನ ಕೈಕಟ್ಟಿಕೊಂಡು ಕೇಳಿದರು. ಕಟ್ಟಿದ ಕೈ ಬಿಚ್ಚಲಿಲ್ಲ. ಹೊತ್ತು ಇಳಿಯುವ ವೇಳೆಗೆ ಎತ್ತಿನ ಗಾಡಿಯೊಂದು ಕಿರುಗುಟ್ಟುತ್ತ ಬಂತು. ಗಾಡಿಯ ತುಂಬ ಹೆಂಚು. ಹೆಂಚಿನ ರಾಶಿಯ ಮೇಲೆ, ಐರಾವತವೇರಿದ ದೇವೇಂದ್ರನಂತೆ, ಮೈಯೆಲ್ಲ ಧೂಳಾದ ಕೋನಪ್ಪ!

ಆವುಲಪ್ಪ ಒಂದು ಹೆಂಚು ಎತ್ತಿ ತಿರುವಿ ನೋಡಿದ. ಕರ್ರಗಿನ ಒಳಮೈ ಮೇಲೆ ಬೆಳ್ಳಗೆ 'ಕೋನಪ್ಪ' ಎಂದಿತ್ತು. ಬೆರಳಿಂದ ಬಡಿದ. ಖಣ್ ಎಂದಿತು.

"ಏನ್ ಹೆಂಚು ಸ್ವಾಮಿ! ಕರ್ರಗಾಗೋ ತನಕ ಸುಟ್ಟವ್ರೆ!"

ಮುಂದೆ ಕೇಳಬೇಕೆ? ಆವುಲಪ್ಪ ಅಲ್ಲೇ ಹೆಂಚಿಗೆ ಹೇಳಿಕಳಿಸಿದ. ಅವನನ್ನು ನೋಡಿ ಪಕ್ಕದವನು, ಪಕ್ಕದವನನ್ನು ನೋಡಿ ಅವನ ಭಾವಮೈದ. ಸಂಜೆಯಾಗುವಷ್ಟರಲ್ಲಿ ಶಿಶುವಿಹಾರಕ್ಕೆ ಸೂರೂ ಆಗಿ ಒಂದು ಜಗಲಿಗೂ ಮಿಗುವಷ್ಟು ಹೆಂಚು ಬಿದ್ದಿತ್ತು.

ಖಾಲಿ ಗಾಡಿಯಲ್ಲಿ ಮನೆಗೆ ಹೊರಟಾಗ ರಾಮಲಕ್ಷ್ಮಮ್ಮನ ಕಣ್ಣು ತುಂಬಿತ್ತು. ನಂದಿಬೆಟ್ಟದ ಕಡೆ ಮೋಡ ಕವಿದು ಗುಡುಗು ಉರುಳುತ್ತಿತ್ತು.

"ಅಂತೂ ನನ್ನ ಮಾತಿಗೆ ನಿಮ್ಮ ಮನಸ್ಸು ಕರಗ್ತು. ಊರೆಲ್ಲ ಹೊಗಳೋ ಅಂಥಾ ಹೆಂಚು! ಒಂದೇ ದಿನದಲ್ಲಿ ಎಲ್ಲಿ ಹುಡುಕಿದ್ರಿ?"

"ನಮ್ಮ ಅಡುಗೆಮನೆ ಮೇಲಿದ್ವು," ಎಂದ ಕೋನಪ್ಪ. "ಮಳೆ ಬರೋದ್ರೊಳಗೆ ಹೋಗಿ ಒಲೆ ಹಚ್ಚು."